ಲ್ಯಾಪ್‌ಟಾಪ್‌ನಲ್ಲಿ ಸ್ನೂಕರ್ ಆಡಿದರೆ ಕೈ ಕೆಡುತ್ತಾ? ಆಡಿದವರು ಹೇಳಿ

ಪ್ರಶ್ನೆ, ಶಿರಸಿಯಿಂದ

ಬೆಂಗಳೂರಿನಲ್ಲಿದ್ದಾಗ ನಾಲ್ಕು ವರ್ಷ ಕ್ಲಬ್ಬಿನಲ್ಲಿ ಸ್ನೂಕರ್ ಆಡಿದ್ದೇನೆ. ದೊಡ್ಡ ಆಟಗಾರ ಏನಲ್ಲ, ನನ್ನ ಅತಿ ದೊಡ್ಡ ಬ್ರೇಕ್, ಅಂದ್ರೆ ಒಂದೇ ಸರದಿಯಲ್ಲಿ ಗಳಿಸಿದ ಅಂಕ, 34. ಈಗ ವರ್ಗವಾಗಿ ಶಿರಸಿಗೆ ಬಂದಿದ್ದೇನೆ. ನನಗೆ ಗೊತ್ತಿರುವ ಒಳ್ಳೆಯ ಟೇಬಲ್ ಇರೋದು ಹುಬ್ಬಳ್ಳಿಯಲ್ಲಿ. ಹೋಗಿ ಬರೋಕೆ ಹತ್ತಿರ ಹತ್ತಿರ ಇನ್ನೂರು ಕಿಲೋಮೀಟರ್. ತಿಂಗಳಿಗೊಮ್ಮೆ ಹೋದರೆ ಅದೇ ದೊಡ್ಡದು.

ಫೋನಿನಲ್ಲಿ ಒಂದು ಪೂಲ್ ಗೇಮ್ ಹಾಕಿಕೊಂಡಿದ್ದೆ. ಬೆರಳು ಇಟ್ಟರೆ ಸಾಕು, ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಅದೇ ಗೆರೆ ಎಳೆದು ತೋರಿಸುತ್ತದೆ. ಆಮೇಲೆ ನಾಣ್ಯ ಕೊಳ್ಳಿ, ಹೊಸ ಕ್ಯೂ (ಹೊಡೆಯುವ ಕೋಲು) ಕೊಳ್ಳಿ ಅಂತ ಕಾಟ. ಬೇಸರ ಬಂದು ತೆಗೆದುಹಾಕಿದೆ.

ನಿಜವಾದ ಟೇಬಲ್ ಥರ ಚೆಂಡು ಓಡುವ ಗೇಮ್ ಯಾವುದಿದೆ? ಸ್ನೂಕರ್ ಇರಲೇಬೇಕು, ಪೂಲ್ ಇದ್ದರೆ ಇರಲಿ. ಲ್ಯಾಪ್‌ಟಾಪ್ ಸಾಧಾರಣದ್ದು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇನ್ನೊಂದು ಭಯ ಇದೆ. ಮೌಸ್ ಹಿಡಿದು ಹಿಡಿದು ಇರುವ ಆಟವೂ ಕೆಟ್ಟುಹೋದರೆ?

ಹುಬ್ಬಳ್ಳಿಯಿಂದ

ಬರ್ರಿ ಸರ, ನಮ್ಮೂರಿಗೆ ಬಂದಾಗ ಹೇಳ್ರಿ, ಒಂದು ಫ್ರೇಮ್ ಆಡೋಣ. ಅಲ್ಲಿಯವರೆಗೆ ಗೇಮ್ ಬಗ್ಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಟೇಬಲ್ ಮರದ ಹೊಳಪು ನೋಡಿ ಮರುಳಾಗಬೇಡಿ. ಯಾವ ಗೇಮ್ ಆದರೂ ಮೊದಲು ಪ್ರಾಕ್ಟೀಸ್‌ಗೆ ಹೋಗಿ, ಎರಡೇ ಚೆಂಡು ಇಡಿ. ಬಿಳಿ ಚೆಂಡನ್ನು ಮಧ್ಯಕ್ಕೆ ಮೆಲ್ಲಗೆ ಹೊಡೆದು, ಕೆಂಪಿಗೆ ಅರ್ಧ ತಾಗುವ ಹಾಗೆ ಬಿಡಿ. ಉರುಳುತ್ತಾ ಬಂದ ಬಿಳಿ, ಬಂದ ದಾರಿಯಿಂದ ಸುಮಾರು 30 ಡಿಗ್ರಿ ಪಕ್ಕಕ್ಕೆ ಸರಿದು ಹೋಗಬೇಕು. ಕೋನಮಾಪಕ ಬೇಡ. ತೋರುಬೆರಳು, ನಡುಬೆರಳು ಚೆನ್ನಾಗಿ ಅಗಲಿಸಿ ಹಿಡಿದರೆ ಸಿಗುವ ಸಂದು ಹೆಚ್ಚುಕಡಿಮೆ ಅಷ್ಟೇ. ತಮಾಷೆ ಏನಂದ್ರೆ ಕಾಲು ಭಾಗ ತಾಗಲಿ, ಮುಕ್ಕಾಲು ತಾಗಲಿ, ಉರುಳುವ ಬಿಳಿ ಹೋಗೋದು ಬಹುತೇಕ ಅದೇ ದಿಕ್ಕಿಗೆ.

ಈಗ ಅದೇ ಜಾಗದಿಂದ ಸ್ಟನ್ ಹೊಡೆಯಿರಿ. ಅಂದ್ರೆ ತಾಗುವ ಹೊತ್ತಿಗೆ ಬಿಳಿ ಉರುಳಬಾರದು, ಜಾರುತ್ತಿರಬೇಕು. ಆಗ ಅದು ಕೆಂಪು ಹೋದ ದಾರಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಸಿಡಿಯಬೇಕು. ಮೂರನೆಯದು ನನಗೆ ಇಷ್ಟ. ಬಿಳಿ ಉರುಳುತ್ತಲೇ ತಾಗುವ ಹಾಗೆ ಜೋರಾಗಿ ಹೊಡೆದರೆ, ಮೊದಲು ಆ 90 ಡಿಗ್ರಿ ಗೆರೆ ಹಿಡಿದು ಒಂದಿಷ್ಟು ದೂರ ಹೋಗಿ, ಆಮೇಲೆ ಬಿಲ್ಲಿನ ಹಾಗೆ ಬಾಗಿ ಮುಂದಕ್ಕೆ ತಿರುಗುತ್ತದೆ. ಈ ಬಾಗು ಕಾಣಿಸದೆ ನೇರ ಗೆರೆಯಲ್ಲೇ ಹೋದರೆ ಆ ಗೇಮ್ ಬಿಟ್ಟುಬಿಡಿ. ಅದು ಚೆಂಡಿನ ಆಟ ಅಲ್ಲ, ಗೆರೆಯ ಆಟ.

ನಾನು ಆಡೋದು ವರ್ಚುಯಲ್ ಪೂಲ್ 4. ಈ ಮೂರೂ ಅದರಲ್ಲಿ ಸರಿಯಾಗಿ ಆಗುತ್ತವೆ. ಸ್ನೂಕರ್ ಇದೆ. 2012ರ ಗೇಮ್, ನೋಡೋಕೆ ಹಳೇ ಕಾಲದ್ದು ಅನ್ನಿಸುತ್ತದೆ, ಆದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಅದೇ ಅನುಕೂಲ. ಇದರಲ್ಲಿ ಪವರ್ ಪಟ್ಟಿ ನೋಡಿ ಬಟನ್ ಒತ್ತುವ ಕೆಲಸ ಇಲ್ಲ. ಕೀ ಒತ್ತಿ ಹಿಡಿದು, ಮೌಸನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಬೇಕು. ಎಷ್ಟು ವೇಗವಾಗಿ ತಳ್ಳುತ್ತೀರೋ ಅಷ್ಟು ಹೊಡೆತ. ಇದರ ಮೊದಲ ಗೇಮ್ 1995ರಲ್ಲಿ ಬಂದಾಗ, ನಿಮ್ಮ ನಿಜವಾದ ಆಟ ಸುಧಾರಿಸದಿದ್ದರೆ ದುಡ್ಡು ವಾಪಸ್ ಅಂತಲೇ ಮಾರಿದ್ದರು. ಎಷ್ಟು ಜನ ವಾಪಸ್ ಕೇಳಿದರೋ ದೇವರೇ ಬಲ್ಲ.

ಮೈಸೂರಿನಿಂದ

ಟಿವಿಯಲ್ಲಿ ನೋಡಿದ ಹಾಗೆ ಬೇಕಾದರೆ ಸ್ನೂಕರ್ 19. ನಿಜವಾದ ಆಟಗಾರರು, ನಿಜವಾದ ಟೂರ್ನಿಗಳು, ಕಾಮೆಂಟರಿ ಎಲ್ಲಾ ಇದೆ. ವಿಶ್ವ ಚಾಂಪಿಯನ್‌ಶಿಪ್ ನಡೆಯುವ ಶೆಫೀಲ್ಡ್‌ನ ಕ್ರೂಸಿಬಲ್‌ನಲ್ಲಿ ಆಡುವ ಆಸೆ ತೀರುತ್ತದೆ. ಗುರಿ ತೋರಿಸುವ ಗೆರೆ ಇರುವಾಗ ನಾನು ವಿಶ್ವ ಚಾಂಪಿಯನ್, ಕಡಿಮೆ ಮಾಡಿದ ದಿನವೇ ಮೊದಲ ಸುತ್ತಿನಲ್ಲಿ ಮನೆಗೆ. ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದಿದ್ದೀರಿ, ಹಾಗಿದ್ದರೆ ಸೆಟ್ಟಿಂಗ್ ಎಲ್ಲಾ ಕೆಳಗಿಳಿಸಿ ಆಡಬೇಕಾಗಬಹುದು.

ಬೆಂಗಳೂರಿನಿಂದ

ಗುರು, ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಗೇಮ್‌ನಿಂದ ಕೈ ಕೆಡೋದೂ ಇಲ್ಲ, ಬೆಳೆಯೋದೂ ಇಲ್ಲ. ಯಾಕಂದ್ರೆ ಅಲ್ಲಿ ಕೈಗೆ ಕೆಲಸವೇ ಇಲ್ಲ. ಮೊಣಕೈ ಅಲ್ಲಾಡಲ್ಲ, ಕ್ಯೂಗೆ ಆಸರೆ ಕೊಡುವ ಎಡಗೈ ಬ್ರಿಡ್ಜ್ ನಡುಗಲ್ಲ, ಹೊಡೆಯುವ ಮೊದಲೇ ತಲೆ ಎತ್ತೋದಿಲ್ಲ. ದೂರದ ಚೆಂಡಿಗೆ ರೆಸ್ಟ್ ಅನ್ನೋ ಆಸರೆ ಕೋಲು ತೆಗೆದುಕೊಳ್ಳುವ ಗೋಜಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾಮೆರಾ ಸರಿಯಾಗಿ ಕ್ಯೂ ಗೆರೆಯ ಹಿಂದೆಯೇ ಕೂತಿರುತ್ತದೆ. ನನಗೆ ಬಲಗಣ್ಣು ಜೋರು, ಗದ್ದ ಒಂದು ಬೆರಳು ಪಕ್ಕಕ್ಕೆ ಹೋದರೂ ಗುರಿ ತಪ್ಪುತ್ತದೆ. ಇದು ತಿಳಿಯೋಕೆ ಕೋಚ್ ಹತ್ತಿರ ಎರಡು ತಿಂಗಳು ಬೈಸಿಕೊಂಡಿದ್ದೇನೆ. ಯಾವ ಗೇಮೂ ಅದನ್ನು ಹೇಳಿಕೊಡಲಿಲ್ಲ.

ಹಾಗಂತ ದಂಡ ಅನ್ನಲ್ಲ. ಕಾಲಿಗೆ ಪೆಟ್ಟಾಗಿ ಎರಡು ತಿಂಗಳು ಮನೆಯಲ್ಲೇ ಇದ್ದೆ, ಆಗ ದಿನಾ ಆಡಿದೆ. ಒಂದು ಹೊಡೆತದ ಕಥೆ ಹೇಳುತ್ತೇನೆ.

ಪಿಂಕ್ ಚೆಂಡಿಗೂ ಕಪ್ಪು ಚೆಂಡಿಗೂ ನಡುವೆ, ಕಪ್ಪಿಗಿಂತ ಒಂದಡಿ ಈಚೆ ಒಂದು ಕೆಂಪು. ಬಿಳಿ, ಕೆಂಪು, ಬಲಗಡೆ ಮೂಲೆಯ ಪಾಕೆಟ್, ಮೂರೂ ಒಂದೇ ಗೆರೆಯಲ್ಲಿ. ಮಗು ಕೂಡ ಹಾಕುವ ಪಾಟ್. ಕ್ಲಬ್ಬಿನಲ್ಲಿ ಇಂಥದ್ದು ಸಿಕ್ಕರೆ ನಾನು ಯಾವಾಗಲೂ ಸ್ಟನ್ ಹೊಡೆದು ಬಿಳಿಯನ್ನು ಇದ್ದಲ್ಲೇ ನಿಲ್ಲಿಸುತ್ತಿದ್ದೆ. ಟಕ್ ಅಂತ ಸದ್ದು, ಚೆಂಡು ಸತ್ತ ಹಾಗೆ ನಿಲ್ಲೋದು, ನೋಡೋಕೆ ಶೋಕಿ. ಆದರೆ ಆಮೇಲೆ? ಮುಂದೆ ಹಾಕಬೇಕಾದದ್ದು ಕಪ್ಪು. ಬಿಳಿ ಕಪ್ಪಿನ ಎದುರಿಗೇ ನಿಂತಿರುತ್ತದೆ. ಕಪ್ಪನ್ನು ಮೂಲೆಗೆ ಹಾಕಬೇಕಾದರೆ ಕೂದಲೆಳೆಯಷ್ಟು ತಾಗಿಸಬೇಕು. ತಪ್ಪುತ್ತಿತ್ತು. ಕಪ್ಪು ಕಷ್ಟ ಇತ್ತು ಅಂತ ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ.

ಗೇಮ್‌ನಲ್ಲಿ ಅದೇ ಚೆಂಡುಗಳನ್ನು ಅದೇ ಜಾಗಕ್ಕೆ ಮತ್ತೆ ಮತ್ತೆ ಇಡಬಹುದು. ಮೂವತ್ತು ಸಲ ಆಡಿದೆ. ಬಿಳಿಯನ್ನು ಮಧ್ಯಕ್ಕಿಂತ ಸ್ವಲ್ಪ ಮೇಲೆ ಹೊಡೆದು, ಕೆಂಪಿನ ಹಿಂದೆಯೇ ಒಂದೂವರೆ ಅಡಿ ಮುಂದಕ್ಕೆ ಬಿಟ್ಟರೆ ಸಾಕು, ಅದು ಕಪ್ಪಿನ ಬಲಕ್ಕೆ, ಹೆಚ್ಚುಕಡಿಮೆ ಅದರ ಸಾಲಿಗೇ ಬಂದು ನಿಲ್ಲುತ್ತದೆ. ಕಪ್ಪು ಎಡಗಡೆ ಮೂಲೆಗೆ ಸುಲಭದ ಕೋನದಲ್ಲಿ ಕಾದಿರುತ್ತದೆ. ಪಾಕೆಟ್ ಇನ್ನೂ ಎರಡಡಿ ದೂರ ಇರುವುದರಿಂದ ಬಿಳಿ ಒಳಗೆ ಬೀಳುವ ಭಯವೂ ಇಲ್ಲ. ಇಷ್ಟು ಸಣ್ಣ ವಿಷಯ. ಕ್ಲಬ್ಬಿನಲ್ಲಿ ಗಂಟೆಗೆ ದುಡ್ಡು ಓಡುವಾಗ, ಎದುರಿಗೆ ಗೆಳೆಯ ಕಾದು ಕೂತಿರುವಾಗ, ಒಂದೇ ಹೊಡೆತವನ್ನು ಮೂವತ್ತು ಸಲ ಯಾರು ಆಡಲು ಬಿಡುತ್ತಾರೆ?

ಅದಕ್ಕೇ ಹೇಳೋದು, ಮ್ಯಾಚ್ ಆಡಬೇಡಿ, ಪ್ರಾಕ್ಟೀಸ್ ಆಡಿ. ಗುರಿ ತೋರಿಸುವ ಗೆರೆ ಆಫ್ ಮಾಡಿ ಆಡಿ.

ತುಮಕೂರಿನಿಂದ

ಪ್ರಾಕ್ಟೀಸ್ ಮಾತ್ರ ಆಡಿ ಅಂದ್ರೆ ಅದು ಟ್ಯೂಷನ್ ಆಯ್ತು, ಆಟ ಎಲ್ಲಿ ಬಂತು ಸ್ವಾಮಿ? ನಾನು ಕೇರಂನಿಂದ ಬಂದವನು, ಟೇಬಲ್ ಮುಟ್ಟಿದ್ದೇ ಎರಡು ಸಲ. ಪ್ಯೂರ್ ಪೂಲ್ ಹಾಕಿಕೊಂಡು ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಆಡುತ್ತೇನೆ, ಮನಸ್ಸಿಗೆ ಹಾಯಾಗುತ್ತದೆ. ಸ್ನೂಕರ್ ಅದರಲ್ಲಿ ಬೇರೆ ಪ್ಯಾಕ್, ಕೊಳ್ಳುವ ಮೊದಲು ನೋಡಿಕೊಳ್ಳಿ.

ಬೆಂಗಳೂರಿನಿಂದ ಮತ್ತೆ

ಸರಿ, ಒಪ್ಪಿದೆ. ಅವರು ಕೈ ಕೆಡುತ್ತಾ ಅಂತ ಕೇಳಿದ್ದಕ್ಕೆ ಹಾಗೆ ಹೇಳಿದೆ.

ದಾವಣಗೆರೆಯಿಂದ

ಇವೆಲ್ಲಾ ಮೋಸ ಕಣ್ರೀ. ನಾನು ಹೊಡೆದರೆ ಚೆಂಡು ಪಾಕೆಟ್ ಬಾಯಲ್ಲಿ ಗಡಗಡ ಅಂದು ಹೊರಗೆ ಬರುತ್ತದೆ, ಕಂಪ್ಯೂಟರ್ ಹೊಡೆದರೆ ಒಳಗೆ. ಸುಮ್ನೆ ದುಡ್ಡು ದಂಡ.

ಹುಬ್ಬಳ್ಳಿಯಿಂದ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಬೇಜಾರಾಗಬೇಡಿ, ನಾನೂ ಹೀಗೇ ಅಂದವನೇ. ಸ್ನೂಕರ್ ಟೇಬಲ್‌ನ ಪಾಕೆಟ್ ಬಾಯಿ ದುಂಡಗೆ ತಿರುಗಿರುತ್ತದೆ, ಪೂಲ್ ಟೇಬಲ್‌ನದ್ದು ನೇರವಾಗಿ ಕತ್ತರಿಸಿದ ಹಾಗೆ. ಟೇಬಲ್ ಅಂಚಿನ ಕುಶನ್ ಸವರಿಕೊಂಡು ಜೋರಾಗಿ ಬಂದ ಚೆಂಡನ್ನು ಸ್ನೂಕರ್ ಪಾಕೆಟ್ ಒಳಗೆ ಬಿಟ್ಟುಕೊಳ್ಳೋದು ಕಷ್ಟ. ಅದು ಹೊರಗೆ ಬಂತು ಅಂದ್ರೆ ಗೇಮ್ ಸರಿಯಾಗಿದೆ ಅಂತಲೇ ಅರ್ಥ. ಮೆಲ್ಲಗೆ ಹೊಡೆದು ನೋಡಿ.

ಕೆಲವು ಗೇಮ್‌ಗಳಲ್ಲಿ ಸ್ನೂಕರ್ ಅಂತ ಹೆಸರಿಗೆ ಇರುತ್ತದೆ. ಪೂಲ್ ಟೇಬಲನ್ನೇ ಹಿಗ್ಗಿಸಿ, ಅದರ ಪಾಕೆಟನ್ನೇ ಇಟ್ಟಿರುತ್ತಾರೆ. ಸ್ನೂಕರ್ ಚೆಂಡು 52.5 ಮಿಲಿಮೀಟರ್, ಅಮೆರಿಕನ್ ಪೂಲ್ ಚೆಂಡು 57 ಚಿಲ್ಲರೆ. ಟೇಬಲ್ ಹನ್ನೆರಡು ಅಡಿ, ಪೂಲ್‌ನ ದೊಡ್ಡದೇ ಒಂಬತ್ತು. ದೊಡ್ಡ ಟೇಬಲ್, ಸಣ್ಣ ಚೆಂಡು, ಬಿಗಿ ಪಾಕೆಟ್. ಇದು ಪರದೆಯ ಮೇಲೂ ಎದೆಗೆ ತಟ್ಟಬೇಕು. ಉದ್ದದ ಪಾಟ್ ಎಲ್ಲಾ ಸಲೀಸಾಗಿ ಬೀಳುತ್ತಿದ್ದರೆ ಅನುಮಾನಪಡಿ.

ಮಂಗಳೂರಿನಿಂದ

ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ವಿಆರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ಕೊಲ್ಲಿಯಲ್ಲಿರುವ ಭಾವ ರಜೆಗೆ ಬರುವಾಗ ಹೆಡ್‌ಸೆಟ್ ತಂದಿದ್ದರು. ಅದರಲ್ಲಿ ಬಗ್ಗಿ ನಿಲ್ಲಬೇಕು, ಒಂದು ಕಣ್ಣು ಮುಚ್ಚಿ ಗುರಿ ನೋಡಬಹುದು, ಕೈಯೇ ಹೊಡೆತ. ಬೆಂಗಳೂರಿನವರು ಹೇಳಿದ ಮೊಣಕೈ, ಗದ್ದ ಎಲ್ಲಾ ಇದರಲ್ಲಿ ಅರ್ಧಂಬರ್ಧ ಬರುತ್ತದೆ. ಅರ್ಧ ಯಾಕೆ ಅಂದ್ರೆ ಕೈಯಲ್ಲಿ ಕ್ಯೂ ತೂಕ ಇಲ್ಲ, ಚೆಂಡಿಗೆ ತಾಗಿದ್ದು ಕೈಗೆ ಗೊತ್ತಾಗಲ್ಲ. ಸ್ವಲ್ಪ ನಡುಕ ಮಾತ್ರ ಬರುತ್ತದೆ.

ಹತ್ತು ನಿಮಿಷ ಚೆನ್ನಾಗಿ ಆಡಿದೆ. ದೂರದ ಚೆಂಡು ಬಂತು. ಅಭ್ಯಾಸಬಲ, ಎಡಗೈ ಚಾಚಿ ಟೇಬಲ್ ಅಂಚಿಗೆ ಒರಗಿದೆ. ಟೇಬಲ್ ಎಲ್ಲಿದೆ! ಸೋಫಾ ಇದ್ದುದರಿಂದ ಹಲ್ಲು ಉಳಿಯಿತು. ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ನನಗೊಂದೇ ಸಮಾಧಾನ, ಏಳು ಸಲ ವಿಶ್ವ ಚಾಂಪಿಯನ್ ಆದ ರಾನಿ ಓಸಲಿವನ್ ಕೂಡ ಇದೇ ಥರ ಇಲ್ಲದ ಟೇಬಲ್‌ಗೆ ಒರಗಿ ಬಿದ್ದ ವಿಡಿಯೊ ಇದೆ.

ಪ್ರಶ್ನೆ ಕೇಳಿದವನು, ಶಿರಸಿಯಿಂದ

ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿಯವರ ಮಾತು ಕೇಳಿ ವರ್ಚುಯಲ್ ಪೂಲ್ 4 ಹಾಕಿಕೊಂಡೆ. ಎರಡು ಬೆರಳಿನ ಪರೀಕ್ಷೆ ಪಾಸಾಯಿತು. ಆದರೆ ಮೌಸ್ ತಳ್ಳೋದೇ ಸರಿ ಹೋಗುತ್ತಿಲ್ಲ. ಒಂದೇ ಥರ ತಳ್ಳಿದೆ ಅಂದುಕೊಂಡರೆ ಒಮ್ಮೆ ಚೆಂಡು ಮುಕ್ಕಾಲು ಟೇಬಲ್ ಹೋಗುತ್ತದೆ, ಇನ್ನೊಮ್ಮೆ ಎರಡು ಸುತ್ತು ಹೊಡೆಯುತ್ತದೆ. ಅಪ್ಪ ಹಿಂದೆ ನಿಂತು ನೋಡಿ, ಫಾರಿನ್ ಆಟಕ್ಕೆ ಇಷ್ಟು ಬೆವರಬೇಕಾ ಅಂದರು.

ಹುಬ್ಬಳ್ಳಿಯಿಂದ

ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್ ಅಂತ ಒಂದು ಟಿಕ್ ಇರುತ್ತದೆ, ಅದನ್ನು ತೆಗೆಯಿರಿ. ಅದು ಇದ್ದರೆ ಕೈ ವೇಗ ಹೆಚ್ಚಾದ ಹಾಗೆ ಪಾಯಿಂಟರ್ ಇನ್ನೂ ಜಾಸ್ತಿ ಓಡುತ್ತದೆ, ಅಳತೆ ಸಿಗಲ್ಲ. ತೆಗೆದ ಮೇಲೂ ಗೇಮ್‌ನಲ್ಲಿ ಏರುಪೇರಾದರೆ ಗೇಮ್‌ನದ್ದೇ ಮೌಸ್ ಸೆಟ್ಟಿಂಗ್ ಕಡಿಮೆ ಮಾಡಿ. ಟಚ್‌ಪ್ಯಾಡ್‌ನಲ್ಲಿ ಮಾತ್ರ ಆಡಬೇಡಿ. ಮೌಸ್ ಕೆಳಗೆ ದೊಡ್ಡ ಬಟ್ಟೆ ಪ್ಯಾಡ್ ಹಾಕಿ, ಮಣಿಕಟ್ಟು ತಿರುಗಿಸದೆ ಮೊಣಕೈಯಿಂದ ತಳ್ಳಿ. ಮೊದಲ ಒಂದು ವಾರ ಒಂದೇ ಕೆಲಸ. ಬಿಳಿಯನ್ನು ಆ ತುದಿಯ ಕುಶನ್‌ಗೆ ಹೊಡೆದು, ವಾಪಸ್ ಈ ತುದಿಯ ಕುಶನ್ ಹತ್ತಿರ ತಂದು ನಿಲ್ಲಿಸೋದು. ಕ್ಲಬ್ಬಿನಲ್ಲೂ ಇದನ್ನೇ ಅಲ್ವಾ ಮೊದಲು ಮಾಡಿಸೋದು.

ಅಪ್ಪನವರಿಗೆ ಹೇಳಿ, ಸ್ನೂಕರ್ ಶುರುವಾಗಿದ್ದು 1875ರಲ್ಲಿ ನಮ್ಮ ಜಬಲ್‌ಪುರದಲ್ಲಿ ಅಂತ. ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಕೂತಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಹುಟ್ಟುಹಾಕಿದ್ದು. ನಿಯಮ ಬರೆದಿಟ್ಟಿದ್ದು ಊಟಿಯ ಕ್ಲಬ್ಬಿನಲ್ಲಿ. ಶಿರಸಿಯ ಮಳೆಗಾಲಕ್ಕಿಂತ ಒಳ್ಳೆಯ ನೆಪ ಇನ್ನೇನು ಬೇಕು?

ಮೈಸೂರಿನಿಂದ

ಪಂಕಜ್ ಅಡ್ವಾಣಿ ಬೆಂಗಳೂರಿನಲ್ಲಿ ಬೆಳೆದು ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದವರು ಅಂತಲೂ ಸೇರಿಸಿ ಹೇಳಿ. ನಮ್ಮ ಮನೆಯಲ್ಲಿ ಆ ಹೆಸರಿನಿಂದಲೇ ನನಗೆ ಮೊದಲ ಕ್ಯೂ ಸಿಕ್ಕಿದ್ದು.

ಪ್ರಶ್ನೆ ಕೇಳಿದವನು, ಒಂದು ತಿಂಗಳ ನಂತರ

ಮೊನ್ನೆ ಭಾನುವಾರ ಹುಬ್ಬಳ್ಳಿಗೆ ಹೋಗಿದ್ದೆ. ಮೊದಲ ಇಪ್ಪತ್ತು ನಿಮಿಷ ನಾಚಿಕೆಗೇಡು. ಕ್ಯೂ ಕೈಯಲ್ಲಿ ಒನಕೆ ಹಾಗೆ ಅನ್ನಿಸಿತು. ನೇರ ಚೆಂಡುಗಳೂ ಹೋಗಲಿಲ್ಲ. ಹಿಂದೆ ಗೆರೆ ಹಿಡಿದು ಕೂರಿಸಲು ಕ್ಯಾಮೆರಾ ಇಲ್ಲ ನೋಡಿ.

ಆಮೇಲೆ ಕೈ ಸ್ವಲ್ಪ ಬಂತು. ಮೂರನೇ ಫ್ರೇಮ್‌ನಲ್ಲಿ, ಸುಳ್ಳಲ್ಲ, ಬೆಂಗಳೂರಿನವರು ಹೇಳಿದ ಕೆಂಪೇ ಎದುರಿಗೆ ಬಂತು. ಪಿಂಕ್‌ಗೂ ಕಪ್ಪಿಗೂ ನಡುವೆ, ನೇರ. ಕೈ ಹಳೇ ಅಭ್ಯಾಸದಂತೆ ಸ್ಟನ್‌ಗೆ ಇಳಿಯುತ್ತಿತ್ತು, ನಿಂತು ಮತ್ತೆ ಬಗ್ಗಿದೆ. ಸ್ವಲ್ಪ ಮೇಲೆ, ಮೆಲ್ಲಗೆ. ಬಿಳಿ ಒಂದೂವರೆ ಅಡಿ ಹೋಗಬೇಕಾದದ್ದು ಎರಡಡಿ ಹೋಯಿತು. ಕಪ್ಪು ಆದರೂ ಸಿಕ್ಕಿತು. ಬಿತ್ತು. ಆ ಬ್ರೇಕ್ 24ಕ್ಕೆ ನಿಂತಿತು. ಮಾರ್ಕರ್ ಸ್ಕೋರ್ ಹಾಕುತ್ತಾ, ಯಾರ ಹತ್ತಿರ ಕಲಿಯೋಕೆ ಹೋಗ್ತಾ ಇದ್ದೀರಿ ಅಂತ ಕೇಳಿದ. ಮೌಸ್ ಅಂತ ಹೇಳೋಕೆ ಬಾಯಿ ಬರಲಿಲ್ಲ.

ಹುಬ್ಬಳ್ಳಿಯವರೇ, ಮುಂದಿನ ತಿಂಗಳು ಎರಡನೇ ಭಾನುವಾರ ಬರುತ್ತೇನೆ. ಬೆಳಿಗ್ಗೆ ಹನ್ನೊಂದಕ್ಕೆ ಸಿಗ್ತೀರಾ?

ಹುಬ್ಬಳ್ಳಿಯಿಂದ

ಸಿಗ್ತೀನಿ ಸರ. ಟೇಬಲ್ ದುಡ್ಡು ಸೋತವರದ್ದು, ಗಿರ್ಮಿಟ್ಟು ಗೆದ್ದವರದ್ದು.