ಇಂಗ್ಲಿಷಿನ ಕಠಿಣ ಪದಗಳು ನೆನಪಿನಲ್ಲಿ ಉಳಿಯಲು ಏನು ಮಾಡಬೇಕು?

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಈಗ ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆಂದು ಬರೆಯುವ ಜಿಆರ್‌ಇ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಪದಪಟ್ಟಿಯನ್ನು ಬಾಯಿಪಾಠ ಮಾಡಿದರೂ ವಾರ ಕಳೆಯುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ನೀವೆಲ್ಲ ಹೇಗೆ ಕಲಿತಿರಿ?

ಉತ್ತರ 1: ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ವಿರುದ್ಧಪದ ಕೇಳುವ ಪ್ರಶ್ನೆಗಳನ್ನು ಜಿಆರ್‌ಇ 2011ರಲ್ಲೇ ಕೈಬಿಟ್ಟಿದೆ. ಈಗ ವಾಕ್ಯದಲ್ಲಿ ಬಿಟ್ಟ ಸ್ಥಳ ತುಂಬಬೇಕು. ಒಂದು ಬಗೆಯ ಪ್ರಶ್ನೆಯಲ್ಲಂತೂ ಆರು ಪದಗಳ ಪೈಕಿ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕು. ಹಾಗಾಗಿ ಒಂದು ಪದ ಯಾವ ಪದಗಳ ಜೊತೆ ಸೇರುತ್ತದೆ ಎಂಬುದು ಗೊತ್ತಿರಬೇಕು. 'ಮಿಟಿಗೇಟ್' ಎಂದರೆ ತಗ್ಗಿಸು ಎಂದಷ್ಟೇ ಕಲಿತವರು ಅಂಗಡಿಯವನು ಬೆಲೆ ತಗ್ಗಿಸಿದ್ದಕ್ಕೂ ಅದನ್ನೇ ಬಳಸುತ್ತಾರೆ. ಅದು ಸೇರುವುದು ಹಾನಿ, ಅಪಾಯ, ನೋವು ಇಂಥವುಗಳ ಜೊತೆ. ನಾನು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲಿ ಹೊಸ ಪದ ಸಿಕ್ಕಾಗ ಇಡೀ ವಾಕ್ಯವನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಅದರ ಕೆಳಗೆ ಅದೇ ಪದ ಬಳಸಿ ನನ್ನದೊಂದು ವಾಕ್ಯ ಬರೆಯುತ್ತಿದ್ದೆ. ನಿಧಾನದ ಕೆಲಸ, ನಿಜ. ಆದರೆ ಹೀಗೆ ಕಲಿತ ಪದ ಪರೀಕ್ಷೆ ಮುಗಿದ ಮೇಲೂ ಕೈಬಿಡುವುದಿಲ್ಲ.

ಉತ್ತರ 2: ಲ್ಯಾಟಿನ್ ಮೂಲಗಳನ್ನು ಕಲಿಯಿರಿ. 'ಬೆನೆ' ಒಳಿತು, 'ಮಾಲೆ' ಕೆಡುಕು. ಬೆನೆವೊಲೆಂಟ್ ಎಂದರೆ ಹಿತ ಬಯಸುವವರು, ಮಲೆವೊಲೆಂಟ್ ಎಂದರೆ ಕೇಡು ಬಯಸುವವರು. ಸುಗುಣ, ದುರ್ಗುಣ ಎನ್ನುವ ನಮಗೆ ಇದೇನೂ ಹೊಸದಲ್ಲ. ಆದರೆ ಪದದ ರೂಪ ನೋಡಿ ಅರ್ಥ ಊಹಿಸಬೇಡಿ: 'ನಾಯ್ಸಮ್' ಎಂದರೆ ಗದ್ದಲವಲ್ಲ, ದುರ್ನಾತ ಬೀರುವುದು. 'ಎನರ್ವೇಟ್' ಎಂದರೆ ಶಕ್ತಿ ತುಂಬುವುದಲ್ಲ, ಕುಂದಿಸುವುದು.

ಉತ್ತರ 3: ನನಗೆ ನೆರವಾದದ್ದು ಕಾರ್ಡುಗಳು. ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ. ಸರಿಯಾಗಿ ಹೇಳಿದ ಕಾರ್ಡನ್ನು ಕೆಲವು ದಿನ ಬಿಟ್ಟು ನೋಡಬೇಕು, ತಪ್ಪಿದ್ದನ್ನು ಮರುದಿನವೇ. ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿದ, ಕಾರ್ಡುಗಳನ್ನು ಪೆಟ್ಟಿಗೆಯ ಖಾನೆಗಳಲ್ಲಿ ವಿಂಗಡಿಸಿಡುವ ವಿಧಾನವಿದು. ಮೊಬೈಲಿನಲ್ಲಾದರೆ ಆಂಕಿ ಆ್ಯಪ್ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ.

ಉತ್ತರ 4: ಅರ್ಥವನ್ನೂ ಇಂಗ್ಲಿಷಿನಲ್ಲೇ ಬರೆದುಕೊಳ್ಳಬೇಕು ಎಂದು ಕೋಚಿಂಗ್ ತರಗತಿಗಳಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 'ಟ್ಯಾಸಿಟರ್ನ್' ಪಕ್ಕದಲ್ಲಿ 'ಮಿತಭಾಷಿ' ಎಂದು ಬರೆದ ಕೂಡಲೇ ನನ್ನ ದೊಡ್ಡಪ್ಪ ಕಣ್ಣ ಮುಂದೆ ಬಂದರು, ಪದ ಅಲ್ಲೇ ನಿಂತಿತು. ಕನ್ನಡ ಮಾಧ್ಯಮದಲ್ಲಿ ಓದಿದ್ದು ನಿಮ್ಮ ಬಲ. ಅದನ್ನು ಧಾರಾಳವಾಗಿ ಬಳಸಿಕೊಳ್ಳಿ. ಪರೀಕ್ಷೆ ಯಾವಾಗ ಎಂದು ತಿಳಿಸಿ. ನಾಲ್ಕಾರು ತಿಂಗಳಿದ್ದರೆ ಮೊದಲ ಉತ್ತರದ ದಾರಿ ಹಿಡಿಯಿರಿ, ಮೂರೇ ವಾರವಿದ್ದರೆ ಕಾರ್ಡುಗಳೇ ಗತಿ.