ಶಾಲು ಯಾರ ದುಡ್ಡಿನದು?

ಬೆಳಿಗ್ಗೆ ದೊಡ್ಡಪ್ಪ ಮನೆ ಗ್ರೂಪಿಗೆ ಒಂದು ವಿಡಿಯೊ ಹಾಕಿದರು. ಕೆಳಗೆ ಹೀಗಿತ್ತು:

"ಎಣ್ಣೆ ಡ್ರಮ್ಮಿನಿಂದ ವಾದ್ಯ ಕಂಡುಹಿಡಿದ ಎಲಿ ಮ್ಯಾನೆಟ್ ಅವರನ್ನು ತಾಯ್ನಾಡು ಟ್ರಿನಿಡಾಡ್ ಮರೆಯಿತು. ಅಮೆರಿಕ ಸನ್ಮಾನಿಸಿತು. ನಮ್ಮಲ್ಲೂ ಇದೇ ಕಥೆ! ಎಲ್ಲರಿಗೂ ಕಳಿಸಿ."

ಒಂದೇ ನಿಮಿಷದಲ್ಲಿ ಆರು ಜನ ಕೈಮುಗಿದರು. ವಿಡಿಯೊ ನಾಲ್ಕು ನಿಮಿಷದ್ದು. ಲೆಕ್ಕ ನೀವೇ ಹಾಕಿಕೊಳ್ಳಿ.

ರಘು: ದೊಡ್ಡಪ್ಪ, ಇದಕ್ಕೆ ಆಧಾರ ಏನು? ವಿಡಿಯೊದಲ್ಲಿರುವುದು ಎಣ್ಣೆ ಡ್ರಮ್ಮಿನಿಂದ ಮಾಡುವ ಆ ಸ್ಟೀಲ್‌ಪ್ಯಾನೇ ಅಲ್ಲ. ತೊಡೆ ಮೇಲಿಟ್ಟು ಕೈಯಲ್ಲಿ ನುಡಿಸುತ್ತಿದ್ದಾನೆ. ಅದು ಹ್ಯಾಂಡ್‌ಪ್ಯಾನ್ ಜಾತಿಯದು, ಸ್ವಿಟ್ಜರ್ಲೆಂಡಿನಲ್ಲಿ 2000ದಲ್ಲಿ ಶುರುವಾಗಿದ್ದು. ಸ್ಟೀಲ್‌ಪ್ಯಾನ್ ನುಡಿಸೋಕೆ ತುದಿಗೆ ರಬ್ಬರ್ ಇರುವ ಕೋಲು ಬೇಕು.

ದೊಡ್ಡಪ್ಪ: ವಿಷಯ ನೋಡಪ್ಪ, ವಿಡಿಯೊ ಬಿಡು. ಹಿರಿಯರಿಗೆ ಎದುರು ಮಾತಾಡೋದನ್ನೂ ಕಾಲೇಜಿನಲ್ಲಿ ಕಲಿಸುತ್ತಾರಾ?

ರಘು: ವಿಷಯವೂ ತಪ್ಪೇ. ಟ್ರಿನಿಡಾಡೂ ಸೇರಿದ ಕೆರಿಬಿಯನ್ ದೇಶಗಳ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದೆ. ಪ್ಯಾನ್ ಒಬ್ಬರೇ ಕಂಡುಹಿಡಿದದ್ದೂ ಅಲ್ಲ. ಅದನ್ನು ರೂಪಿಸಿದವರಲ್ಲಿ ಅಲ್ಲಿನವರೇ ಆದ ಸ್ಪ್ರೀ ಸೈಮನ್, ಟೋನಿ ವಿಲಿಯಮ್ಸ್ ಎಲ್ಲ ಇದ್ದರು.

ಚಿಕ್ಕಮ್ಮ: ಡ್ರಮ್ ಅಂದ ಕೂಡಲೇ ತೀರ್ಥಹಳ್ಳಿ ಮನೆಯ ಬಚ್ಚಲ ಹಿಂದಿನ ಡ್ರಮ್ ನೆನಪಾಯಿತು! ಗಣಪತಿ ಬಿಡುವ ದಿನ ಸುರೇಶ ಬಡಿದು ಬಡಿದು ತೂತು ಮಾಡಿದ್ದ 😂

ಸುರೇಶ ಮಾವ: ತೂತು ಬಿದ್ದಿದ್ದು ತುಕ್ಕಿಗೆ. ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ.

ನನಗೆ ತಡೆಯಲಾಗಲಿಲ್ಲ, ಉದ್ದಕ್ಕೆ ಬರೆದು ಹಾಕಿದೆ. ಮ್ಯಾನೆಟ್ 1967ರಲ್ಲಿ ಅಮೆರಿಕಕ್ಕೆ ಹೋದರು. 1990ರ ದಶಕದ ಆರಂಭದಲ್ಲಿ ಮಾರ್ಗನ್‌ಟೌನ್‌ನಲ್ಲಿರುವ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಬಂದು, ಆ ಊರಲ್ಲೇ ನೆಲೆ ನಿಂತರು. ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ಬೋಗುಣಿಯ ಹಾಗೆ ತಗ್ಗಿಸುವುದು, ಸ್ವರದ ಮನೆ ಗುರುತಿಸುವುದು, ಬೆಂಕಿಯಲ್ಲಿ ಕಾಯಿಸುವುದು, ಆಮೇಲೆ ಒಂದೊಂದೇ ಸ್ವರ ಶ್ರುತಿ ಮಾಡುವುದು. ಇದನ್ನೆಲ್ಲ ಮುಚ್ಚಿಡದೆ ಹುಡುಗರಿಗೆ ಕಲಿಸಿದರು. ಜಾನಪದ ಕಲಾವಿದರಿಗೆ ಅಮೆರಿಕ ಸರ್ಕಾರ ಕೊಡುವ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ 1999ರಲ್ಲಿ ಬಂತು. 2018ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಫಾರ್ವರ್ಡ್‌ನಲ್ಲಿ ಈ ಕಲಿಸಿದ ಮಾತೇ ಇರಲಿಲ್ಲ. ನನ್ನ ಪ್ರಕಾರ ಸನ್ಮಾನ ಸಲ್ಲಬೇಕಾದದ್ದು ಅದಕ್ಕೇ.

ಎಲ್ಲರ ಟಿಕ್ ನೀಲಿಯಾಯಿತು. ಯಾರೂ ಓದಿರಲಿಲ್ಲ.

ದೊಡ್ಡಪ್ಪ: ನಾನು ಹೇಳಿದ್ದೂ ಅದನ್ನೇ. ನಮ್ಮ ಪಿಟೀಲು ಮೇಷ್ಟ್ರಿಗೆ ಒಂದು ಶಾಲು ಹೊದಿಸಿದವರುಂಟಾ?

ಚಿಕ್ಕಮ್ಮ: ಹೊದಿಸಿದ್ದೆವಲ್ಲ ಭಾವ! ನೀವು ಬರಲಿಲ್ಲ ಅಷ್ಟೇ.

ದೊಡ್ಡಪ್ಪ: ಆಮಂತ್ರಣದಲ್ಲಿ ನನ್ನ ಹೆಸರು ಕಟ್ಟಕಡೆಗೆ ಹಾಕಿದ್ದಿರಿ.

ಸುರೇಶ ಮಾವ: ಅಕಾರಾದಿ ಪ್ರಕಾರ ಹಾಕಿದ್ದು. ಹಿರಿಯಣ್ಣ ಅಂತಿದ್ದರೆ ಇನ್ನೆಲ್ಲಿ ಬರುತ್ತೆ?

ರಘು: ಅಂದಹಾಗೆ ಆ ಶಾಲಿನ ದುಡ್ಡು ಕೊಟ್ಟಿದ್ದು ನಮ್ಮಮ್ಮ. ಇವತ್ತಿನವರೆಗೂ ವಾಪಸ್ ಬಂದಿಲ್ಲ.

ಸುರೇಶ ಮಾವ: ಅವಳು ಕೊಟ್ಟಿದ್ದು ಹಾರಕ್ಕೆ. ಶಾಲು ನಾನೇ ತಂದಿದ್ದು, ಬೇಕಾದರೆ ಅಂಗಡಿಯವನನ್ನೇ ಕೇಳು.