ಜೂನಿಯರ್‌ಗಳಿಗೆ ಹೊಲಿಗೆ ಹೇಳಿಕೊಟ್ಟವರು ಯಾರಾದ್ರೂ ಇದ್ದೀರಾ?

ಫೈನಲ್ ಇಯರ್ ಎಂಬಿಬಿಎಸ್, ಹಾಸನ: ಜೂನಿಯರ್‌ಗಳು ಸೂಚರಿಂಗ್ (ಗಾಯಕ್ಕೆ ಹೊಲಿಗೆ ಹಾಕುವುದು) ಹೇಳಿಕೊಡಿ ಅಂತ ಬೆನ್ನು ಬಿದ್ದಿದ್ದಾರೆ. ಸ್ಕಿಲ್ ಲ್ಯಾಬ್ ಸಿಗುತ್ತದೆ, ಆದರೆ ಹೊಲಿದು ಕಲಿಯುವ ಸಿಲಿಕಾನ್ ಪ್ಯಾಡ್ ಸಾಲುವುದಿಲ್ಲ. ನೀವೆಲ್ಲ ಹೇಗೆ ಮಾಡಿದಿರಿ?

ಹೌಸ್ ಸರ್ಜನ್, ಚಿಕ್ಕಮಗಳೂರು: ಪ್ಯಾಡ್‌ಗೆ ಕಾಯಬೇಡಿ. ಮೊದಲು ಬಾಳೆಹಣ್ಣು ಕೊಡಿ. ಸೂಜಿಯನ್ನು ಅದರ ಬಾಗಿಗೆ ತಕ್ಕಂತೆ ತಿರುಗಿಸದೆ ಸುಮ್ನೆ ಎಳೆದರೆ ಸಿಪ್ಪೆ ಸೀಳುತ್ತದೆ. ಬೈಯುವ ಕೆಲಸ ಹಣ್ಣೇ ಮಾಡುತ್ತದೆ. ಕೈ ಕುದುರಿದ ಮೇಲೆ ಹಂದಿ ಕಾಲು. ಮೂಡಿಗೆರೆ, ಸಕಲೇಶಪುರ ಕಡೆಯ ಹುಡುಗರಿದ್ದರೆ ತರಿಸುವುದು ಕಷ್ಟವಲ್ಲ. ಆಗದಿದ್ದರೆ ಕೋಳಿ ತೊಡೆ. ಅಂಗಡಿಯಲ್ಲಿ ‘ವಿತ್ ಸ್ಕಿನ್’ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಸುಲಿದೇ ಕೊಡುತ್ತಾರೆ. ಮಾಂಸ ಮುಟ್ಟಿದ ನೀಡಲ್ ಹೋಲ್ಡರ್ (ಸೂಜಿ ಹಿಡಿಯುವ ಇಕ್ಕಳ) ಮತ್ತೆ ಆಪರೇಷನ್ ಥಿಯೇಟರಿಗೆ ಹೋಗಬಾರದು. ಬಳಸಿದ ಸೂಜಿ, ಚೂಪು ವಸ್ತು ಎಸೆಯುವ ಬಿಳಿ ಡಬ್ಬಕ್ಕೆ.

ಸರ್ಜರಿ ಪಿಜಿ: ಸಾಮಾನು ಆಮೇಲೆ ಕಣ್ರೀ, ಮೊದಲು ಜನ ಕಡಿಮೆ ಮಾಡಿ. ಹೇಳಿಕೊಡುವವರು ಒಬ್ಬರಾದರೆ ಕಲಿಯುವವರು ನಾಲ್ಕೇ. ಅದಕ್ಕಿಂತ ಜಾಸ್ತಿ ಆದರೆ ಕೈ ಕಾಣುವುದಿಲ್ಲ, ಬರೀ ಲೆಕ್ಚರ್ ಆಗುತ್ತದೆ. ಕೈಕೆಲಸ ಕಲಿಸುವ ನಾಲ್ಕು ಹಂತದ ಪೇಟನ್ ಕ್ರಮ ಹಿಡಿಯಿರಿ: ಒಮ್ಮೆ ಮಾತಾಡದೆ ಮಾಡಿ ತೋರಿಸಿ, ಇನ್ನೊಮ್ಮೆ ವಿವರಿಸುತ್ತಾ. ಮೂರನೇ ಸಲ ಅವರು ಹೇಳಬೇಕು, ನೀವು ಹೇಳಿದಷ್ಟೇ ಮಾಡಬೇಕು. ಮಜಾ ಇರುವುದು ಇಲ್ಲೇ. ‘ಈಗ ಗಂಟು ಹಾಕಿ’ ಅಂದರೆ ಸುಮ್ಮನೆ ಕೂತು, ‘ದಾರದ ಯಾವ ತುದಿ? ಯಾವ ಕಡೆಗೆ ಎಳೆಯಲಿ?’ ಅಂತ ಕೇಳಿ. ಅರ್ಧ ಜನ ಅಲ್ಲೇ ತಡವರಿಸುತ್ತಾರೆ. ನಾಲ್ಕನೆಯದು ಅವರೇ ಹೇಳಿಕೊಂಡು ಮಾಡುವುದು.

ಗಂಟು ಜಾರುವುದಕ್ಕೆ ಸಾಮಾನ್ಯ ಕಾರಣ, ಎರಡು ಸಲವೂ ಒಂದೇ ದಿಕ್ಕಿಗೆ ಸುತ್ತುವುದು. ನೀಡಲ್ ಹೋಲ್ಡರ್ ಪ್ರತಿ ಸಲ ದಾರದ ಎರಡು ತುದಿಗಳ ನಡುವೆ ಬಂದರೆ ದಿಕ್ಕು ತಾನಾಗಿ ಬದಲಾಗುತ್ತದೆ. ಎರಡು ಬಣ್ಣದ ಶೂ ಲೇಸಿನಲ್ಲಿ ನಿಧಾನ ಕಟ್ಟಿ ತೋರಿಸಿ. ಕೊನೆಗೆ ಮೇಷ್ಟ್ರೊಬ್ಬರನ್ನು ಕರೆಸಿ, ಲಾಗ್‌ಬುಕ್‌ಗೆ ಸಹಿ ಅವರದ್ದೇ ಬೇಕಲ್ವಾ.

ಥರ್ಡ್ ಇಯರ್, ಹಾಸನ: ಕಲಿತವಳಾಗಿ ಹೇಳ್ತೀನಿ. ಮೇಷ್ಟ್ರನ್ನು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳೋಕೆ ಮುಜುಗರ, ಸೀನಿಯರ್ ಅಕ್ಕನ ಹತ್ತಿರ ಅದಿಲ್ಲ. ಆದರೆ ಅವರದ್ದೇನಾದರೂ ತಪ್ಪು ಅಭ್ಯಾಸ ಇದ್ದರೆ ಇಡೀ ಬ್ಯಾಚಿಗೆ ಅಂಟುತ್ತದೆ. ಹಾಗಾಗಿ ಮೇಷ್ಟ್ರನ್ನು ಕೊನೆಗಲ್ಲ, ಜೂನಿಯರ್‌ಗಳು ಬರುವ ಮುಂಚೆ ಕರೆಸಿ ನಿಮ್ಮ ಕೈ ತೋರಿಸಿ ಅಣ್ಣ. ಮತ್ತೆ, ಎಡಚರು ಯಾರು ಅಂತ ಮೊದಲೇ ಕೇಳಿ. ಹೋಲ್ಡರಿನ ಲಾಕ್ ಬಲಗೈಗೆ ಮಾಡಿದ್ದು, ನಮಗೆ ಬಿಡಿಸೋಕೆ ಒದ್ದಾಟ. ನಮ್ಮನ್ನು ಪಕ್ಕಕ್ಕಲ್ಲ, ಎದುರಿಗೆ ಕೂರಿಸಿ. ನಿಮ್ಮ ಕೈ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ.